ಕೇಳಿಸಿಕೊಳ್ಳುವುದನ್ನು ಕೂಡಿ ಕಲಿಯೋಣ

ಕಿವಿ ಮಂದವಾಗತೊಡಗಿದವರು ಮೊದಲು ಬಿಡುವುದು ಮದುವೆ ಮನೆಗಳನ್ನು. ವಾಲಗ, ಮೈಕು, ನೂರಾರು ಜನರ ಗಲಾಟೆಯ ನಡುವೆ ಪಕ್ಕದಲ್ಲಿ ಕೂತವರು ಏನು ಕೇಳಿದರೆಂದು ತಿಳಿಯುವುದಿಲ್ಲ. ನಗಬೇಕೋ, ಮರುಗಬೇಕೋ ಗೊತ್ತಾಗದೆ ಸುಮ್ಮನೆ ತಲೆಯಾಡಿಸಬೇಕಾಗುತ್ತದೆ. ಆಮೇಲೆ ಸಂಘದ ಸಭೆ ಬಿಡುತ್ತಾರೆ. ಫೋನ್ ಬಂದರೆ ಮೊಮ್ಮಕ್ಕಳ ಕೈಗೆ ಕೊಡುತ್ತಾರೆ. ಕೊನೆಗೆ ರಾತ್ರಿ ಊಟದ ಹೊತ್ತಿನ ಮನೆಮಾತಿನಿಂದಲೂ ಎದ್ದು ಹೋಗುತ್ತಾರೆ. ಮನೆಯವರು "ವಯಸ್ಸಾಯ್ತಲ್ಲ, ಈಗೀಗ ಯಾರ ಜೊತೆಗೂ ಸೇರಲ್ಲ" ಎಂದುಕೊಂಡು ಸಮಾಧಾನಪಡುತ್ತಾರೆ. ಸೇರಬೇಕೆಂಬ ಆಸೆ ಒಳಗೆ ಹಾಗೇ ಇರುತ್ತದೆ. ಸೇರುವ ದಾರಿ ಮಾತ್ರ ಮುಚ್ಚಿರುತ್ತದೆ.

ಆ ದಾರಿಯನ್ನು ಮತ್ತೆ ತೆರೆಯಬಹುದು ಎಂದು ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ಅದಕ್ಕೆ ಕಿವಿಗೆ ಹಾಕುವ ಮಿಷನ್ ಬೇಕು, ಡಾಕ್ಟರೂ ಬೇಕು. ಅವೆರಡರಷ್ಟೇ ಅಗತ್ಯವಾದದ್ದು, ಆದರೆ ಯಾವ ಅಂಗಡಿಯಲ್ಲೂ ಸಿಗದಿರುವುದು, ಕಲಿಕೆ. ಕಿವಿ ಮಂದವಾದವರು ಕಲಿಯಬೇಕು, ಅವರ ಮನೆಯವರು ಕಲಿಯಬೇಕು, ಬ್ಯಾಂಕಿನ ಕೌಂಟರಿನಲ್ಲಿ ಕೂತವರೂ ಕಲಿಯಬೇಕು. ಈ ಕಲಿಕೆ ಒಬ್ಬೊಬ್ಬರಿಗೆ ಒದಗುವುದು ಕಷ್ಟ, ಕೂಡಿ ಕೂತರೆ ಸುಲಭ.

ನಾನು ದೊಡ್ಡಬಳ್ಳಾಪುರದವಳು, ಪ್ರಾಥಮಿಕ ಶಾಲೆಯ ಟೀಚರಾಗಿ ನಿವೃತ್ತಳಾದವಳು. ನಮ್ಮದು ನೇಕಾರರ ಊರು. ತವರಿನಲ್ಲೂ ಮಗ್ಗ, ಸೇರಿದ ಮನೆಯಲ್ಲೂ ಮಗ್ಗ. ನಡುಮನೆಗೆ ಅಂಟಿಕೊಂಡ ಕೋಣೆಯಲ್ಲಿ ಪವರ್‌ಲೂಮ್‌ಗಳು ಓಡುತ್ತಿರುವಾಗಲೇ ನಾವು ಉಂಡಿದ್ದೇವೆ, ಓದಿದ್ದೇವೆ, ಮಕ್ಕಳನ್ನು ಮಲಗಿಸಿದ್ದೇವೆ. ನಲವತ್ತೈದರ ಸುಮಾರಿಗೆ ತರಗತಿಯಲ್ಲಿ ನನಗೊಂದು ವಿಚಿತ್ರ ಅನುಭವವಾಗತೊಡಗಿತು. ಹೆಡ್‌ಮಾಸ್ಟರ ದಪ್ಪ ದನಿ ಮೊದಲಿನಂತೆಯೇ ಸ್ಪಷ್ಟವಾಗಿತ್ತು. ಎರಡನೇ ತರಗತಿಯ ಪುಟ್ಟ ಹುಡುಗಿಯರು ಹಿಂದಿನ ಸಾಲಿನಿಂದ "ಮಿಸ್" ಎಂದು ಕರೆದರೆ ಮಾತ್ರ ತುಟಿ ಆಡಿದ್ದು ಕಾಣುತ್ತಿತ್ತು, ಮಾತು ಬರುತ್ತಿರಲಿಲ್ಲ. ಅದು ಹಾಗೇಕೆ ಎಂದು ತಿಳಿದದ್ದು ಮುಂದೆ, ಕಿವಿ ಪರೀಕ್ಷೆಯಾದಾಗ.

ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ

"ನಂಗೆ ಕಿವಿ ಚೆನ್ನಾಗೇ ಕೇಳುತ್ತೆ, ಅವರೇ ಸರಿಯಾಗಿ ಮಾತಾಡಲ್ಲ" ಎಂಬುದು ಕಿವಿ ಮಂದವಾದವರ ಮೊದಲ ಮಾತು. ಅದರಲ್ಲಿ ಅರ್ಧ ನಿಜವಿದೆ. ಒಳಗಿವಿಯಲ್ಲಿ ಕಾಕ್ಲಿಯಾ ಎಂಬ ಸುರುಳಿಯಾಕಾರದ ಅಂಗವಿದೆ. ಅದರೊಳಗೆ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಹೊರಗಿನ ಸದ್ದನ್ನು ನರಕ್ಕೆ ತಿಳಿಯುವ ಸಂಕೇತವಾಗಿ ಬದಲಿಸುವುದು ಇವುಗಳ ಕೆಲಸ. ಸುರುಳಿಯ ಬಾಯಿಯ ಹತ್ತಿರದ ಕೋಶಗಳು ಎತ್ತರದ ಶ್ರುತಿಯ ಸದ್ದುಗಳನ್ನು ಹಿಡಿಯುತ್ತವೆ, ಒಳತುದಿಯವು ತಗ್ಗಿನ ಶ್ರುತಿಯವನ್ನು. ವಯಸ್ಸಾದಾಗಲಾಗಲಿ, ಗದ್ದಲದಲ್ಲಿ ದುಡಿದಾಗಲಾಗಲಿ ಮೊದಲು ಸಾಯುವುದು ಬಾಯಿಯ ಕಡೆಯ ಕೋಶಗಳು. ಮನುಷ್ಯರಲ್ಲಿ ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಇದನ್ನು ಕನ್ನಡದ ಮಾತಿಗೆ ಹೊಂದಿಸಿ ನೋಡಿ. ಅ, ಆ, ಉ, ಓ ಎಂಬ ಸ್ವರಗಳಲ್ಲಿ ಬಲ ಹೆಚ್ಚು, ಶ್ರುತಿ ತಗ್ಗು. ಅವು ಉಳಿದುಕೊಳ್ಳುತ್ತವೆ. ಸ, ಶ, ತ, ಕ, ಪ ಇವೆಲ್ಲ ಬಲ ಕಡಿಮೆಯ ಸದ್ದುಗಳು, ಅವು ಜಾರಿಹೋಗುತ್ತವೆ. ತಟ್ಟೆ, ಕಟ್ಟೆ, ಪಟ್ಟೆ ಮೂರೂ ಒಂದೇ ಆಗಿ ಕೇಳುತ್ತವೆ. ನಮ್ಮೂರಿನವರಿಗೆ ನಾನು ಇದನ್ನು ಹೀಗೆ ವಿವರಿಸುತ್ತೇನೆ: ಹಾಸಿನಲ್ಲಿ ಅಲ್ಲಲ್ಲಿ ಎಳೆ ಕಡಿದ ಸೀರೆಯನ್ನು ಹಿಡಿದು ನೋಡಿದರೆ ಬಟ್ಟೆ ಇದೆ ಎನ್ನುವುದು ಗೊತ್ತಾಗುತ್ತದೆ, ಬುಟ್ಟಾ ಯಾವುದೆಂದು ಗೊತ್ತಾಗುವುದಿಲ್ಲ. ಮಂದ ಕಿವಿಗೆ ಮಾತು ಬಂದು ಮುಟ್ಟುವುದು ಹಾಗೆಯೇ.

ಇಷ್ಟು ತಿಳಿದರೆ ಮುಖ್ಯವಾದ ಇನ್ನೊಂದು ವಿಷಯವೂ ಅರ್ಥವಾಗುತ್ತದೆ. ಕಿವಿ ಮಂದವಾದವರ ಎದುರು ಕಿರುಚಿದರೆ ಸ್ವರಗಳು ಮಾತ್ರ ಜೋರಾಗುತ್ತವೆ. ಕೇಳಿಸದ ವ್ಯಂಜನಗಳು ಹಾಗೇ ಉಳಿಯುತ್ತವೆ. ಕಿರುಚಿದವರ ಮುಖ ಬಿಗಿದುಕೊಂಡು ತುಟಿಯ ಚಲನೆಯೂ ಕೆಡುತ್ತದೆ. ಕೇಳುವವರಿಗೆ ಸಿಕ್ಕುವುದು ಸಿಟ್ಟು ಮಾತ್ರ.

ಎಷ್ಟು ಜನ, ಏನು ಕಾರಣ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಚಿಕಿತ್ಸೆಯೋ ಸಾಧನವೋ ಬೇಕಾಗುವ ಮಟ್ಟದ ಶ್ರವಣ ದೋಷ ಇರುವವರು ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು. 2021ರಲ್ಲಿ ಅದು ಹೊರತಂದ ವರದಿಯ ಪ್ರಕಾರ 2050ರ ಹೊತ್ತಿಗೆ ಒಂದಲ್ಲ ಒಂದು ಮಟ್ಟದ ಶ್ರವಣ ದೋಷವಿರುವವರು ಸುಮಾರು 250 ಕೋಟಿಯಾಗಬಹುದು. ನಮ್ಮ ದೇಶದ 2011ರ ಜನಗಣತಿಯಲ್ಲಿ ಕಿವಿ ಕೇಳಿಸದು ಎಂದು ಬರೆಸಿಕೊಂಡವರು ಸುಮಾರು 50 ಲಕ್ಷ. ಗಣತಿಗೆ ಬಂದವರ ಮುಂದೆ "ನಮ್ಮನೇಲಿ ಅಂಥವರು ಯಾರೂ ಇಲ್ಲ" ಎಂದ ಮನೆಗಳು ಎಷ್ಟಿದ್ದಾವು ಎಂದು ನಾನು ಯೋಚಿಸುತ್ತಿರುತ್ತೇನೆ. ಮೇಷ್ಟ್ರುಗಳಿಗೆ ಗಣತಿ ಕೆಲಸ ತಪ್ಪುವುದಿಲ್ಲವಾದ್ದರಿಂದ ಆ ಉತ್ತರವನ್ನು ನಾನೇ ಬೇಕಾದಷ್ಟು ಸಲ ಕೇಳಿ ಬರೆದುಕೊಂಡಿದ್ದೇನೆ.

ಕಾರಣಗಳು ಹಲವು. ಕೆಲವು ಪೂರ್ತಿ ಗುಣವಾಗುವಂಥವು. ಗುಗ್ಗೆ ಗಟ್ಟಿಯಾಗಿ ಕಿವಿ ಕಟ್ಟಿದ್ದರೆ ಡಾಕ್ಟರು ತೆಗೆದುಹಾಕಿದ ಕೂಡಲೇ ಕೇಳಿಸುತ್ತದೆ. ಕಿವಿ ಸೋರಿ ತಮಟೆ ತೂತಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು. ಆದ್ದರಿಂದ ಮಿಷನ್ ಅಂಗಡಿಗೆ ಹೋಗುವ ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಬೇಕು. ಎಣ್ಣೆ ಕಾಯಿಸಿ ಬಿಡುವುದು, ಹೇರ್‌ಪಿನ್ನು ಹಾಕಿ ಕೆರೆಯುವುದು ಬೇಡ. ಇನ್ನೊಂದು ಮಾತನ್ನು ದಯವಿಟ್ಟು ನೆನಪಿಡಿ: ಒಂದು ಕಿವಿ ಇದ್ದಕ್ಕಿದ್ದಂತೆ, ಒಂದೆರಡು ದಿನದಲ್ಲಿ ಕೇಳಿಸದೆ ಹೋದರೆ ಅದು ತುರ್ತು ಪರಿಸ್ಥಿತಿ. ಶೀತ ಎಂದು ವಾರಗಟ್ಟಲೆ ಕಾಯಬಾರದು. ತಕ್ಷಣ ತೋರಿಸಿದರೆ ಔಷಧಿಯಿಂದ ಉಳಿಸಿಕೊಳ್ಳುವ ಅವಕಾಶವಿರುತ್ತದೆ.

ನಮ್ಮೂರಿನಂಥ ಊರುಗಳಲ್ಲಿ ದೊಡ್ಡ ಕಾರಣ ಗದ್ದಲ. ಇಬ್ಬರು ಎದುರುಬದುರು ಕೂತು ಆಡುವ ಮಾತು ಸುಮಾರು 60 ಡೆಸಿಬೆಲ್. ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವರಿಗೆ 85 ಡೆಸಿಬೆಲ್ ಮಿತಿ ಎಂದು ಔದ್ಯೋಗಿಕ ಆರೋಗ್ಯದ ತಜ್ಞರು ಹೇಳುತ್ತಾರೆ. ಅದರ ಮೇಲೆ ಮೂರು ಡೆಸಿಬೆಲ್ ಏರಿದಂತೆಲ್ಲ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡೇ ಗಂಟೆ. ಪವರ್‌ಲೂಮ್ ಶೆಡ್ಡುಗಳಲ್ಲಿ ಸದ್ದು 90 ದಾಟುವುದು ಸಾಮಾನ್ಯ. ನಮ್ಮ ಮಗ್ಗದವರು ದುಡಿಯುವುದು ಬೆಳಗಿನಿಂದ ರಾತ್ರಿಯವರೆಗೆ. ಕಿವಿಗೆ ಇಡುವ ಫೋಮಿನ ಬಿರಡೆ ಕೆಲವೇ ರೂಪಾಯಿಗೆ ಸಿಗುತ್ತದೆ. ಹೊಸದಾಗಿ ಮಗ್ಗಕ್ಕೆ ನಿಲ್ಲುವ ಹುಡುಗರ ಕಿವಿಗೆ ಅದನ್ನು ಮೊದಲ ದಿನವೇ ಇಡಿಸಬೇಕು ಎಂದು ನಾನು ಎಲ್ಲ ಮಾಲೀಕರನ್ನೂ ಕೇಳಿಕೊಳ್ಳುತ್ತೇನೆ.

ಬೀರುವಿನೊಳಗಿನ ಮಿಷನ್

ಪರೀಕ್ಷೆಯಲ್ಲಿ ಹೆದರುವಂಥದ್ದೇನೂ ಇಲ್ಲ. ಸದ್ದು ಹೊಗದ ಚಿಕ್ಕ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕುತ್ತಾರೆ. ಸಣ್ಣದೊಂದು "ಕುಂಯ್" ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಯಾವ ಶ್ರುತಿಯ ಸದ್ದು ಎಷ್ಟು ಜೋರಿದ್ದರೆ ಕೇಳುತ್ತದೆ ಎಂಬುದನ್ನು ಆಡಿಯಾಲಜಿಸ್ಟ್ ಒಂದು ಹಾಳೆಯಲ್ಲಿ ಗುರುತಿಸುತ್ತಾರೆ. ಆಡಿಯೋಗ್ರಾಮ್ ಎಂಬ ಆ ಹಾಳೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ನನ್ನ ಗೆರೆ ಎಡದಿಂದ ಸ್ವಲ್ಪ ದೂರ ಸಮವಾಗಿ ಬಂದು, ಆಮೇಲೆ ಇಳಿಜಾರಾಗಿತ್ತು. ಹುಡುಗಿಯರ ದನಿ ಹೋದದ್ದು ಎಲ್ಲಿ ಎಂದು ಆಡಿಯಾಲಜಿಸ್ಟ್ ಆ ಇಳಿಜಾರಿನ ಮೇಲೆ ಪೆನ್ನಿಟ್ಟು ತೋರಿಸಿದರು.

ಕರ್ನಾಟಕದವರಿಗೆ ಈ ವಿಷಯದಲ್ಲಿ ದೊಡ್ಡ ಆಸರೆ ಮೈಸೂರಿನಲ್ಲಿದೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದ ನಡುವಿನಲ್ಲಿ ಶುರುವಾಯಿತು. ದೇಶದ ಎಷ್ಟೋ ಆಡಿಯಾಲಜಿಸ್ಟ್‌ಗಳು ಅಲ್ಲಿ ಕಲಿತವರು. ಬೆಂಗಳೂರಿನ ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಹಣದ ತೊಂದರೆಯಿರುವವರಿಗೆ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಸಾಧನ ಸಿಗುತ್ತದೆ. ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲೂ ಕೊಡುತ್ತಾರೆ. ಶ್ರವಣ ಸಾಧನಗಳ ಮೇಲೆ ಜಿಎಸ್‌ಟಿ ಇಲ್ಲ ಎಂಬುದೂ ಕೊಳ್ಳುವವರಿಗೆ ಗೊತ್ತಿರಲಿ.

ಆದರೆ ಮಿಷನ್ ಕೈಗೆ ಬಂದವರೆಲ್ಲ ಅದನ್ನು ಹಾಕಿಕೊಳ್ಳುತ್ತಾರೆಯೇ? ನನಗೆ ಮೊದಲ ಮಿಷನ್ ಮಾರಿದ ಅಂಗಡಿಯವರು ಹಣ ಎಣಿಸಿಕೊಂಡು, ಡಬ್ಬಿ ಕೈಗಿಟ್ಟು, "ಹಾಕ್ಕೊಳ್ಳಿ, ಸರಿಹೋಗುತ್ತೆ" ಎಂದರು. ಮನೆಗೆ ಬಂದು ಹಾಕಿಕೊಂಡರೆ ಪಾತ್ರೆಯ ಸದ್ದು ತಲೆಗೆ ಹೊಡೆಯಿತು, ಫ್ಯಾನು ಭೋರ್ಗರೆಯಿತು, ಮಾತು ಮಾತ್ರ ಮೊದಲಿನಷ್ಟೇ ಮಸುಕು. ಮಿಷನ್ ಬೀರು ಸೇರಿತು. ನಮ್ಮ ಬೀದಿಯಲ್ಲಿ ವಿಚಾರಿಸಿದಾಗ ಹಲವು ಬೀರುಗಳಲ್ಲಿ ಅಂಥ ಡಬ್ಬಿಗಳಿದ್ದವು.

ಅಂಗಡಿಯಲ್ಲಿ ಯಾರೂ ಹೇಳದೆ ಬಿಟ್ಟದ್ದು ಇಷ್ಟು: ವರ್ಷಗಟ್ಟಲೆ ಕೇಳದೆ ಇದ್ದ ಸದ್ದುಗಳು ಒಮ್ಮೆಗೇ ಬಂದಾಗ ಮೆದುಳಿಗೆ ಅವನ್ನು ವಿಂಗಡಿಸಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಮೊದಲು ಶಾಂತವಾದ ಕೋಣೆಯಲ್ಲಿ ಒಬ್ಬರ ಜೊತೆ ದಿನಕ್ಕೆ ಸ್ವಲ್ಪ ಹೊತ್ತು, ಆಮೇಲೆ ಇಬ್ಬರ ಜೊತೆ, ಆಮೇಲೆ ಅಂಗಡಿ, ಬೀದಿ, ಕೊನೆಗೆ ಮದುವೆ ಮನೆ. ನಡುವೆ ಆಡಿಯಾಲಜಿಸ್ಟ್ ಹತ್ತಿರ ಹೋಗಿ ಎರಡು ಮೂರು ಸಲ ಸರಿಹೊಂದಿಸಿಕೊಂಡು ಬರಬೇಕು. ಇದನ್ನು ದಾಟಲು ಧೈರ್ಯ ಹೇಳುವವರು, ಮುಖ್ಯವಾಗಿ ತಾವೇ ಇದನ್ನು ದಾಟಿ ಬಂದವರು ಪಕ್ಕದಲ್ಲಿರಬೇಕು.

ಶನಿವಾರದ ಮಧ್ಯಾಹ್ನ

ನಮ್ಮ ಕೂಟ ಹುಟ್ಟಿದ್ದು ಆ ಅಗತ್ಯದಿಂದ. ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದ ಮಗ್ಗದ ತಾತ ಒಬ್ಬರು, ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬರು, ಹಾಲಿನ ಡೇರಿಯ ಅಕ್ಕ ಒಬ್ಬರು, ನಾನು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಮಕ್ಕಳು ಮನೆಗೆ ಹೋದ ಮೇಲೆ, ನಾನು ಪಾಠ ಮಾಡಿದ ಶಾಲೆಯ ಕೋಣೆಯಲ್ಲೇ ಸೇರತೊಡಗಿದೆವು. ಹೆಸರು, ಲೆಟರ್‌ಹೆಡ್ಡು, ಪದಾಧಿಕಾರಿಗಳು ಯಾವುದೂ ಇಲ್ಲ. ಈಗ ಆ ಕೋಣೆ ತುಂಬುತ್ತದೆ.

ಕೋಣೆಯನ್ನು ಸಜ್ಜುಮಾಡುವುದೇ ಮೊದಲ ಪಾಠ. ತಗಡಿನ ಮಾಡಿನ ಕೋಣೆ ಬೇಡ, ಮಳೆ ಬಂದರೆ ಎಲ್ಲ ಮುಗಿಯಿತು. ಬರೀ ಗೋಡೆ, ಬರೀ ನೆಲವಿದ್ದರೆ ಮಾತು ಮಾರ್ದನಿಗೊಂಡು ಕಲಸಿಹೋಗುತ್ತದೆ. ಅದಕ್ಕೇ ನೆಲಕ್ಕೆ ಜಮಖಾನ ಹಾಸುತ್ತೇವೆ, ಕಿಟಕಿಗೆ ಹಳೇ ಸೀರೆಯ ಪರದೆ ಬಿಡುತ್ತೇವೆ. ಫ್ಯಾನ್ ನಿಲ್ಲಿಸುತ್ತೇವೆ. ಎಲ್ಲರೂ ದುಂಡಗೆ ಕೂರುತ್ತೇವೆ, ಎಲ್ಲರ ಮುಖ ಎಲ್ಲರಿಗೂ ಕಾಣಬೇಕು. ಕಿಟಕಿಗೆ ಬೆನ್ನು ಹಾಕಿ ಯಾರೂ ಮಾತಾಡುವಂತಿಲ್ಲ. ಹಿಂದಿನಿಂದ ಬೆಳಕು ಬಿದ್ದರೆ ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ. ಮಾತಾಡುವವರು ಮೊದಲು ಕೈ ಎತ್ತುತ್ತಾರೆ, ಎಲ್ಲರೂ ಅವರತ್ತ ತಿರುಗಿದ ಮೇಲೆ ಬಾಯಿ ತೆರೆಯುತ್ತಾರೆ. ಹೈಸ್ಕೂಲಿನ ಒಬ್ಬ ಹುಡುಗ ಫೋನಿನಲ್ಲಿ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ತೆರೆದು ನಡುವೆ ಇಡುತ್ತಾನೆ. ಆಡಿದ ಕನ್ನಡ ಮಾತು ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ. ಕೆಲವು ಪದ ತಪ್ಪಾಗುವುದುಂಟು, ಆದರೂ ಮಾತಿನ ಎಳೆ ಸಿಗುತ್ತದೆ.

ಆಮೇಲೆ ಸೆಲ್ಲಿನ ಪಾಠ. ಮಿಷನ್ನಿನ ಸೆಲ್ಲುಗಳಿಗೆ ಬಣ್ಣದ ಗುರುತಿದೆ. 10ನೇ ನಂಬರಿಗೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಓದಲು ಬರದವರೂ ಅಂಗಡಿಯಲ್ಲಿ ಬಣ್ಣ ಹೇಳಿ ತರಬಹುದು. ಸೆಲ್ಲಿನ ಬೆನ್ನಿಗೆ ಆ ಬಣ್ಣದ ಸಣ್ಣ ಸ್ಟಿಕ್ಕರ್ ಇರುತ್ತದೆ. ಅದನ್ನು ಕಿತ್ತ ಮೇಲೆ ಒಳಗಿನ ಸತುವಿಗೆ ಗಾಳಿ ತಾಕಬೇಕು, ಆಗಲೇ ಅದು ಕೆಲಸಕ್ಕೆ ತಯಾರು. ಅದಕ್ಕೇ ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಅಂಗೈಯಲ್ಲಿ ಇಟ್ಟುಕೊಂಡು ಆಮೇಲೆ ಹಾಕಬೇಕು. ಕಿತ್ತ ಸ್ಟಿಕ್ಕರನ್ನು ಮತ್ತೆ ಅಂಟಿಸಿದರೆ ಸೆಲ್ಲು ಉಳಿಯುತ್ತದೆ ಎಂದುಕೊಳ್ಳಬಾರದು. ಮುಗಿದ ಸೆಲ್ಲು ಮಗುವಿನ ಕೈಗೆ ಸಿಗಬಾರದು, ನುಂಗಿದರೆ ಪ್ರಾಣಾಪಾಯ. ರಾತ್ರಿ ಮಿಷನ್ ಬಿಚ್ಚಿದಾಗ ಸೆಲ್ಲಿನ ಬಾಗಿಲು ತೆರೆದಿಡಬೇಕು. ಬೆವರಿನ ಕಾಲದಲ್ಲಿ, ಮಳೆಗಾಲದಲ್ಲಿ ಸಿಲಿಕಾ ಜೆಲ್ ಹರಳುಗಳಿರುವ ಮುಚ್ಚಳದ ಡಬ್ಬಿಯೊಳಗೆ ಇಟ್ಟರೆ ತೇವ ಹೀರಿಕೊಳ್ಳುತ್ತದೆ. ಸೆರಗು ಹೊದ್ದಾಗಲೋ, ಮೊಮ್ಮಗುವನ್ನು ಅಪ್ಪಿಕೊಂಡಾಗಲೋ ಮಿಷನ್ "ಕೂಂ" ಎಂದು ಶಿಳ್ಳೆ ಹಾಕಿದರೆ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ಹೊರಬಿದ್ದ ಸದ್ದು ಮತ್ತೆ ಮೈಕಿನೊಳಗೆ ಹೋಗುತ್ತಿದೆ ಎಂದರ್ಥ. ಬೇರೆ ಹೊತ್ತಿನಲ್ಲೂ ಶಿಳ್ಳೆ ನಿಲ್ಲದಿದ್ದರೆ ಕಿವಿಯಚ್ಚು ಸರಿಯಾಗಿ ಕೂತಿಲ್ಲ, ಇಲ್ಲವೇ ಕಿವಿಯಲ್ಲಿ ಗುಗ್ಗೆ ಇದೆ.

ಈ ಪಾಠವನ್ನು ನಮ್ಮಲ್ಲಿ ಮಾಡುವವರು ಡೇರಿಯ ಅಕ್ಕ. ಅವರ ಬೆರಳುಗಳು ಒರಟು. ಮೊದಮೊದಲು ಸೆಲ್ಲು ಹಿಡಿಯಲಾಗುತ್ತಿರಲಿಲ್ಲ. ಸೆಲ್ಲನ್ನು ಎತ್ತಲು ಪುಟ್ಟ ಮ್ಯಾಗ್ನೆಟ್ ಬಳಸುವುದನ್ನು ಕಂಡುಕೊಂಡು ಈಗ ಎಲ್ಲರಿಗೂ ಕಲಿಸುತ್ತಾರೆ. ಹೊಸಬರು ಬಂದಾಗ ಅವರ ಪಕ್ಕದಲ್ಲೇ ಕೂರಿಸುತ್ತೇವೆ.

ಮೂರನೆಯದು ತುಟಿ ನೋಡುವ ಪಾಠ. ಇದರಲ್ಲಿ ಮಗ್ಗದ ತಾತನೇ ನಮಗೆಲ್ಲ ಗುರು. ಶೆಡ್ಡಿನೊಳಗೆ ಯಾರ ಮಾತೂ ಯಾರಿಗೂ ಕೇಳದಿರುವುದರಿಂದ ನೇಕಾರರು ಮುಖ ನೋಡಿ, ಕೈ ಸನ್ನೆ ನೋಡಿ ಮಾತಾಡಿಕೊಳ್ಳುವುದು ವಾಡಿಕೆ. ಜೀವನವಿಡೀ ಮಾಡಿದ್ದನ್ನು ಅವರು ಈಗ ನಮಗೆ ಬಿಡಿಸಿ ಹೇಳುತ್ತಾರೆ. ತುಟಿ ನೋಡುವುದಕ್ಕೂ ಮಿತಿಯಿದೆ. ಪ, ಬ, ಮ ಮೂರಕ್ಕೂ ತುಟಿ ಕೂಡುವುದು ಒಂದೇ ರೀತಿ. ಕ, ಗ, ಹ ಗಂಟಲಿನ ಕಡೆಯ ಸದ್ದುಗಳು, ತುಟಿಯಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಮಾತಿನ ವಿಷಯ ಮೊದಲು ಗೊತ್ತಿರಬೇಕು. ವಿಷಯ ಗೊತ್ತಿದ್ದರೆ, ಮಿಷನ್ನಿನಿಂದ ಅರ್ಧ, ತುಟಿಯಿಂದ ಅರ್ಧ ಕೂಡಿಕೊಂಡು ಮಾತು ತಿಳಿಯುತ್ತದೆ.

ಮನೆಯವರ ಪಾಠ

ಎರಡು ತಿಂಗಳಿಗೊಮ್ಮೆ ಮನೆಯವರೂ ಜೊತೆಗೆ ಬರಬೇಕೆಂದು ಕೇಳಿಕೊಳ್ಳುತ್ತೇವೆ. ಅವರ ಕಿವಿಗೆ ಫೋಮಿನ ಬಿರಡೆ ಇಟ್ಟು, ಫ್ಯಾನ್ ಹಾಕಿ, ಹಿಂದಿನಿಂದ ಮೆಲ್ಲಗೆ ಒಂದು ವಾಕ್ಯ ಹೇಳುತ್ತೇವೆ. ಅದನ್ನು ಮರಳಿ ಹೇಳುವಾಗ ಅವರು ತಡವರಿಸುತ್ತಾರೆ. "ಅತ್ತೆಗೆ ದಿನಾ ಹಿಂಗೇ ಇರುತ್ತಾ?" ಎಂದು ಸೊಸೆಯೊಬ್ಬರು ಕಣ್ಣು ತುಂಬಿಕೊಂಡು ಕೇಳಿದ್ದರು. ಆ ಮಧ್ಯಾಹ್ನದ ಮೇಲೆ ಅವರ ಮನೆಯಲ್ಲಿ ಊಟದ ಹೊತ್ತಿಗೆ ಟಿವಿ ಆರುತ್ತದೆ.

ಮನೆಯವರಿಗೆ ನಾವು ಹೇಳಿಕೊಡುವುದು ಕೆಲವೇ ಮಾತು. ಇನ್ನೊಂದು ಕೋಣೆಯಿಂದ ಕೂಗಬೇಡಿ, ಎದುರಿಗೆ ಬನ್ನಿ. ಮೊದಲು ಹೆಸರು ಹಿಡಿದು ಕರೆಯಿರಿ, ಅವರು ನೋಡಿದ ಮೇಲೆ ವಿಷಯ ಹೇಳಿ. ಮಾಮೂಲಿ ದನಿಯಲ್ಲೇ, ಸ್ವಲ್ಪ ನಿಧಾನವಾಗಿ ಮಾತಾಡಿ. ಬಾಯಿಗೆ ಕೈ ಅಡ್ಡ ಇಡಬೇಡಿ. ಒಂದು ಮಾತು ತಿಳಿಯದಿದ್ದರೆ ಅದನ್ನೇ ಮತ್ತೆ ಮತ್ತೆ ಹೇಳುವ ಬದಲು ಬೇರೆ ಪದ ಹಾಕಿ ಹೇಳಿ: "ಶುಕ್ರವಾರ" ತಿಳಿಯದಿದ್ದರೆ "ನಾಳಿದ್ದು" ಎನ್ನಿ. ಸಮಯ, ಮೊತ್ತ, ಔಷಧಿಯ ಹೆಸರನ್ನು ಬರೆದು ತೋರಿಸಿ. "ಏನಿಲ್ಲ ಬಿಡಿ" ಎಂದು ಮಾತ್ರ ಯಾವತ್ತೂ ಹೇಳಬೇಡಿ. ಎಲ್ಲರೂ ನಕ್ಕ ವಿಷಯ ಏನೆಂದು ಕೇಳಿದಾಗ ಆ ಉತ್ತರ ಸಿಕ್ಕಿದರೆ, ತನ್ನ ಮನೆಯಲ್ಲೇ ತಾನು ಹೊರಗಿನವಳು ಎನ್ನಿಸುತ್ತದೆ. ಅದನ್ನು ನಾನು ಅನುಭವಿಸಿದ್ದೇನೆ.

ಇದು ಮನಸ್ಸಿನ ನೋವಿಗಷ್ಟೇ ಸಂಬಂಧಪಟ್ಟ ವಿಷಯವೂ ಅಲ್ಲ. ಮರೆವಿನ ರೋಗವಾದ ಡಿಮೆನ್ಶಿಯಾ ಕುರಿತು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿ, ತಡೆಗಟ್ಟಲು ಪ್ರಯತ್ನಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿದೆ. ಅವುಗಳಲ್ಲಿ ಶ್ರವಣ ದೋಷವೂ ಒಂದು, ಜನರಿಂದ ದೂರವಾಗಿ ಒಂಟಿಯಾಗುವುದೂ ಒಂದು. ಕಿವಿ ಮಂದವಾದವರಿಗೆ ಇವೆರಡೂ ಕೈಹಿಡಿದೇ ಬರುತ್ತವೆ. ಆದ್ದರಿಂದ ಅವರನ್ನು ಮಾತಿನೊಳಗೆ ಉಳಿಸಿಕೊಳ್ಳುವುದು ಆರೋಗ್ಯದ ಕೆಲಸವೇ.

ಹೀಗೆ ಒಂದೇ ಕಷ್ಟದವರು ಕೂಡಿ ಕಲಿಯುವ ದಾರಿ ಬೇರೆ ಕಡೆ ಹಿಂದಿನಿಂದಲೂ ಇದೆ. ಅಮೆರಿಕದಲ್ಲಿ ಹೋವರ್ಡ್ 'ರಾಕಿ' ಸ್ಟೋನ್ ಎಂಬುವರು ಹತ್ತೊಂಬತ್ತರ ವಯಸ್ಸಿನಲ್ಲಿ ಸೈನ್ಯದಲ್ಲಿದ್ದಾಗ ಸ್ಫೋಟವೊಂದರಿಂದ ಶ್ರವಣಶಕ್ತಿ ಕಳೆದುಕೊಂಡರು. ಸಿಐಎಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಲೆ 1979ರಲ್ಲಿ ಕಿವಿ ಮಂದವಾದವರ ಸ್ವಸಹಾಯ ಸಂಘಟನೆಯನ್ನು ಕಟ್ಟಿದರು. ಇಂದು ಅದು ಹಿಯರಿಂಗ್ ಲಾಸ್ ಅಸೋಸಿಯೇಶನ್ ಆಫ್ ಅಮೆರಿಕ ಎಂಬ ಹೆಸರಿನಲ್ಲಿ ಊರೂರಿನ ಶಾಖೆಗಳ ಮೂಲಕ ನಡೆಯುತ್ತಿದೆ. ಮಹಿಳಾ ಸ್ವಸಹಾಯ ಸಂಘಗಳನ್ನು ಹಳ್ಳಿಹಳ್ಳಿಯಲ್ಲಿ ಕಟ್ಟಿ ನಡೆಸುತ್ತಿರುವ ನಮಗೆ ಈ ಪದ್ಧತಿ ಹೊಸದೇನಲ್ಲ.

ಮಕ್ಕಳಿಗೆ ಸಮಯ ಕಾಯುವುದಿಲ್ಲ

ಒಮ್ಮೆ ಯುವ ದಂಪತಿ ಹಸುಗೂಸನ್ನು ಎತ್ತಿಕೊಂಡು ಕೂಟಕ್ಕೆ ಬಂದರು. ಬಾಗಿಲು ಬಡಿದರೂ ಮಗು ಬೆಚ್ಚುವುದಿಲ್ಲ ಎಂದು ತಾಯಿಗೆ ಅನುಮಾನ. "ನಮ್ಮನೇಲಿ ಎಲ್ಲರೂ ತಡವಾಗೇ ಮಾತಾಡಿದ್ದು" ಎಂದು ಹಿರಿಯರ ಸಮಾಧಾನ. ದೊಡ್ಡವರಿಗೆ ವಾರಗಳು ಮುಖ್ಯವಾದರೆ, ಮಕ್ಕಳಿಗೆ ದಿನಗಳೇ ಮುಖ್ಯ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷವಿದೆಯೇ ಎಂಬ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಮತ್ತು ಭಾಷಾ ತರಬೇತಿ ಶುರುವಾಗಬೇಕು ಎಂಬುದು ಜಗತ್ತಿನಾದ್ಯಂತ ತಜ್ಞರು ಒಪ್ಪಿದ ಗುರಿ. ಭಾಷೆ ಬೇರುಬಿಡುವುದು ಮೊದಲ ಕೆಲವು ವರ್ಷಗಳಲ್ಲಿ. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹುಟ್ಟಿನಿಂದಲೇ ಶ್ರವಣ ದೋಷ ಬರುವ ಸಾಧ್ಯತೆ ಹೆಚ್ಚು, ಅಂಥ ಮನೆಗಳವರು ಕಾಯಲೇಬಾರದು. ರಾಜ್ಯದ 'ಶ್ರವಣ ಸಂಜೀವಿನಿ' ಯೋಜನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಸಾಧನದ ಸೌಲಭ್ಯವಿದೆ. ಮೈಸೂರಿನ ಸಂಸ್ಥೆಯ ಶಾಲಾಪೂರ್ವ ತರಗತಿಗಳಲ್ಲಿ ತಾಯಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ. ನಾವು ಆ ದಂಪತಿಗೆ ಅಲ್ಲಿಗೆ ಹೋಗಲು ಹೇಳಿದೆವು. ಅಂಚೆಯಣ್ಣ ಅವರ ಜೊತೆ ಮೈಸೂರಿನವರೆಗೆ ಹೋಗಿ ಬಂದರು.

ಹುಟ್ಟು ಕಿವುಡರಾದ ಎಷ್ಟೋ ಮಂದಿಗೆ ಸನ್ನೆ ಭಾಷೆಯೇ ತಾಯ್ನುಡಿ. ಅದಕ್ಕೆ ತನ್ನದೇ ವ್ಯಾಕರಣವಿದೆ, ಅದರಲ್ಲಿ ಕತೆ ಹೇಳಬಹುದು, ವಿಜ್ಞಾನ ಕಲಿಸಬಹುದು, ಜಗಳವನ್ನೂ ಆಡಬಹುದು. ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಯಿತು. ಅದರ ನಿಘಂಟು 2021ರ ಹೊತ್ತಿಗೆ ಹತ್ತು ಸಾವಿರ ಪದಗಳಿಗೆ ಬೆಳೆಯಿತು. ಮಗು ಸನ್ನೆ ಕಲಿತರೆ ಮಾತು ಕಲಿಯುವುದಿಲ್ಲ ಎಂಬ ಹಳೇ ಹೆದರಿಕೆಯನ್ನು ಬಿಡಬೇಕು. ಬಾಯಿಮಾತಿನಿಂದಲೋ ಸನ್ನೆಯಿಂದಲೋ ಎರಡರಿಂದಲೋ, ಮಗುವಿಗೆ ಬೇಗ ಒಂದು ಭಾಷೆ ದಕ್ಕಬೇಕು.

ಕಾನೂನು, ಕಚೇರಿ, ಊರು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟವಿರುವವರು ಕಿವುಡರು. 60ರಿಂದ 70ರ ನಡುವಿನವರು ಮಂದಶ್ರವಣದವರು. ಇವರಿಗೆ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ಸರ್ಕಾರಿ ಉದ್ಯೋಗದಲ್ಲಿ ಶೇ 1ರಷ್ಟು ಮೀಸಲಾತಿ ಇದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಚೆನ್ನಾಗಿ ಕೇಳುವ ಕಿವಿಯಲ್ಲಿ 35 ಡೆಸಿಬೆಲ್ ದಾಟಿದ ನಷ್ಟವನ್ನೇ ಬದುಕಿಗೆ ಅಡ್ಡಿಯಾಗುವಂಥದ್ದು ಎಂದು ಎಣಿಸುತ್ತದೆ. ಈ 35ಕ್ಕೂ 60ಕ್ಕೂ ನಡುವೆ ಇರುವವರಿಗೆ ಕಾರ್ಡೂ ಇಲ್ಲ, ಸವಲತ್ತೂ ಇಲ್ಲ. ಅಂಥವರಿಗೆ ಆಸರೆಯಾಗಬೇಕಾದದ್ದು ನೆರೆಹೊರೆ.

ಅದಕ್ಕೆ ಖರ್ಚು ಹೆಚ್ಚಿಲ್ಲ. ಬ್ಯಾಂಕು, ಆಸ್ಪತ್ರೆ, ಪಂಚಾಯ್ತಿ ಕಚೇರಿಗಳಲ್ಲಿ ಟೋಕನ್ ನಂಬರನ್ನು ಕೂಗುವುದರ ಜೊತೆಗೆ ಬೋರ್ಡಿನಲ್ಲೂ ತೋರಿಸಲಿ. ಕೌಂಟರಿನಲ್ಲಿ ಒಂದು ಸ್ಲೇಟೋ, ಬಿಳಿ ಹಾಳೆಯೋ ಇರಲಿ. ಗಾಜಿನ ಹಿಂದೆ ಕೂತವರು ಮಾತಾಡುವಾಗ ಕಂಪ್ಯೂಟರಿನಿಂದ ಮುಖ ಎತ್ತಲಿ. ಸಭೆಗಳಲ್ಲಿ ಮೈಕು ಕೈಯಿಂದ ಕೈಗೆ ಹೋಗಲಿ, "ನಂಗೆ ಮೈಕ್ ಬೇಡ, ದನಿ ಜೋರಿದೆ" ಎನ್ನುವವರಿಗೂ ಕೊಡಲಿ. ಕಲ್ಯಾಣ ಮಂಟಪದ ಒಂದು ಮೂಲೆಯಲ್ಲಿ ಸ್ಪೀಕರಿನಿಂದ ದೂರವಾಗಿ ನಾಲ್ಕು ಕುರ್ಚಿ ಹಾಕಿಸಲಿ. ನಮ್ಮ ಕೂಟದವರು ಹೋಗಿ ಕೇಳಿದ ಕಡೆ ಹೆಚ್ಚಿನವರು ಒಪ್ಪಿಕೊಂಡಿದ್ದಾರೆ. ಅವರಿಗೂ ಯಾರೋ ಹೇಳಬೇಕಿತ್ತು, ಅಷ್ಟೇ.

ಪ್ರತಿ ವರ್ಷ ಮಾರ್ಚ್ 3ರಂದು ವಿಶ್ವ ಶ್ರವಣ ದಿನ ಬರುತ್ತದೆ. ಆ ದಿನದ ಶಿಬಿರದಲ್ಲಿ ಮಿಷನ್ ಹಂಚಿ ಫೋಟೋ ತೆಗೆಸಿಕೊಳ್ಳುವ ಸಂಘ ಸಂಸ್ಥೆಗಳವರಲ್ಲಿ ನನ್ನದೊಂದು ವಿನಂತಿ. ಮಿಷನ್ ಪಡೆದವರ ಹೆಸರು ಬರೆದಿಟ್ಟುಕೊಳ್ಳಿ. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಅವರನ್ನೇ ಮತ್ತೆ ಒಂದು ಕೋಣೆಯಲ್ಲಿ ಸೇರಿಸಿ. ಸೆಲ್ಲು ಹಾಕಲು ಬರುತ್ತದೆಯೇ, ಶಿಳ್ಳೆ ಹೊಡೆಯುತ್ತಿದೆಯೇ, ಮನೆಯಲ್ಲಿ ಟಿವಿ ಆರಿಸುತ್ತಾರೆಯೇ ಎಂದು ವಿಚಾರಿಸಿ. ತಾಲ್ಲೂಕಿಗೊಂದು ಇಂಥ ಕೂಟ ಶುರುವಾಗಲು ಕಟ್ಟಡ ಬೇಡ, ಅನುದಾನ ಬೇಡ. ನಾಲ್ಕು ಜನ, ಒಂದು ಜಮಖಾನ, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಕೂರಲು ಒಂದು ಕೋಣೆ ಸಾಕು. ನಿಮ್ಮ ಊರಿನಲ್ಲಿ ಶುರುಮಾಡುವುದಾದರೆ ಮೊದಲ ಕರೆಯೋಲೆಯನ್ನು ಫೋನಿನಲ್ಲಿ ಹೇಳಬೇಡಿ; ದೊಡ್ಡ ಅಕ್ಷರದಲ್ಲಿ ಬರೆದು, ಮನೆಗೆ ಹೋಗಿ, ಅವರ ಕೈಯಲ್ಲೇ ಕೊಡಿ. ಬಹಳ ದಿನಗಳಿಂದ ಯಾರೂ ಕರೆಯದವರು ಖಂಡಿತ ಬರುತ್ತಾರೆ.